ಅಜ್ಜಿಯ ರೈಟು, ಅಮ್ಮನ ರಿವರ್ಸು

ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದ ಸಂಜೆ ತಾತ ಚಪ್ಪಲಿಯನ್ನೂ ಬಿಚ್ಚದೆ ನೇರ ಊಟದ ಮೇಜಿಗೆ ಬಂದರು. ಕಾರಿನ ಕೀಲಿಯನ್ನು ಉಪ್ಪಿನ ಡಬ್ಬಿಯ ಪಕ್ಕ ಇಟ್ಟು, "ಇವತ್ತಿಂದ ನನ್ನ ಡ್ಯೂಟಿ ಆಫ್" ಅಂದರು.

ಆಲೂಗಡ್ಡೆ ಬಡಿಸುತ್ತಿದ್ದ ಅಪ್ಪ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದರು. "ಡಾಕ್ಟ್ರು ಏನಂದ್ರು ಅಪ್ಪಾ?"

"ಎಡಗಣ್ಣು ಪೂರ್ತಿ ರಿಟೈರ್ಡ್ ಅಂತೆ. ಬಲಗಣ್ಣು ಪೇಪರ್ ಓದೋಕೆ ಸಾಕು, ಸ್ಟಿಯರಿಂಗಿಗೆ ಸಾಲಲ್ಲ ಅಂತೆ."

"ನಾನು ಹೇಳಿದ್ರೆ ಕಿವಿಗೇ ಬೀಳ್ತಿರ್ಲಿಲ್ಲ," ಅಂದರು ಅಜ್ಜಿ. "ಡಾಕ್ಟ್ರು ಫೀಸ್ ಇಸ್ಕೊಂಡು ಹೇಳಿದ್ಮೇಲೆ ನೋಡು, ಚೆನ್ನಾಗ್ ಕೇಳಿಸ್ತು."

ಅಪ್ಪ ಸೌಟು ಇಳಿಸಿದರು. ಮುಖದಲ್ಲಿ ಬೇಸರವಿತ್ತು, ಆದರೆ ಅದರ ಕೆಳಗೆ ಸ್ವಲ್ಪ ನಿರಾಳವೂ ಇತ್ತು. "ಹಾಗಾದ್ರೆ ಕಾರು ಕೊಟ್ಬಿಡೋಣ. ಪಾತ್ರೆ ಅಂಗಡಿಯವರು ಕೇಳ್ತಾನೇ ಇದಾರೆ. ಅಂಗಳದಲ್ಲಿ ಜಾಗನಾದ್ರೂ ಆಗತ್ತೆ."

"ಕೊಟ್ರೆ ನಾನು ಕೆಲಸಕ್ಕೆ ಹೇಗ್ರೀ ಹೋಗ್ಲಿ?" ಅಂದಳು ಅಮ್ಮ.

ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದಲ್ಲಿದ್ದಳು. ಹಾಸಿಗೆಯಷ್ಟಗಲದ ಬಿಸಿ ರೋಲರಿಗೆ ಒದ್ದೆ ಚಾದರ ಉಣಿಸುವುದು, ಆಚೆ ಬದಿಯಿಂದ ಗರಿಗರಿಯಾಗಿ ಬಂದದ್ದನ್ನು ಮಡಚುವುದು, ಇದೇ ಅವಳ ಕೆಲಸ. ಅಲ್ಲಿಯವರೆಗೆ ಲಾಂಡ್ರಿ ನಮ್ಮ ಬೀದಿಯ ಹಿಂದೆಯೇ ಇತ್ತು, ನಡೆದು ಹೋಗುತ್ತಿದ್ದಳು. ಇನ್ನೆರಡು ತಿಂಗಳಿಗೆ ಅದು ಊರಾಚೆಯ ಹೊಸ ಕಟ್ಟಡಕ್ಕೆ ಹೋಗುವುದಿತ್ತು. ಬೆಳಕು ಹರಿಯುವ ಮುಂಚೆ ಪಾಳಿ ಶುರು, ಆ ಹೊತ್ತಿಗೆ ಆ ಕಡೆ ಒಂದು ಬಸ್ಸೂ ಇಲ್ಲ. ಬರುವ ವ್ಯವಸ್ಥೆ ಇರೋರು ಕೈ ಎತ್ತಿ ಅಂತ ಸೂಪರ್‌ವೈಸರ್ ಅಂದಾಗ ಅಮ್ಮ ಎತ್ತಿ ಬಂದಿದ್ದಳು, ಯಾಕೆಂದರೆ ತಾತ ದಿನಾ ಬಿಟ್ಟು ಬರುತ್ತೇನೆ ಅಂದಿದ್ದರು. ಎತ್ತದವರಿಗೆ ಆ ತಿಂಗಳೇ ಕೊನೆ ಅಂತ ಹೇಳಿಯಾಗಿತ್ತು.

"ಎತ್ತಿದ ಕೈ ಇಳಿಸ್ಬೇಕಾಗತ್ತೆ, ಇನ್ನೇನು," ಅಂದರು ಅಪ್ಪ.

"ಇಳಿಸಲ್ಲ. ನಾನೇ ಕಲೀತೀನಿ."

ಮೇಜಿನ ಸುತ್ತ ಎಲ್ಲರ ಅಗಿಯುವುದು ಒಟ್ಟಿಗೆ ನಿಂತಿತು.

"ನಿನಗೆ ಸೈಕಲ್ಲೇ ಬರಲ್ವಲ್ಲೇ," ಅಂದರು ಅಜ್ಜಿ.

"ಸೈಕಲ್ ಬೀಳತ್ತೆ ಅತ್ತೆ. ಕಾರಿಗೆ ನಾಲ್ಕು ಚಕ್ರ ಇದೆ, ಬೀಳಲ್ಲ."

ತಾತ ಜೋರಾಗಿ ನಕ್ಕು ಕೀಲಿಯನ್ನು ಉಪ್ಪಿನ ಡಬ್ಬಿಯ ಪಕ್ಕದಿಂದ ಎತ್ತಿ ಅಮ್ಮನ ತಟ್ಟೆಯ ಪಕ್ಕಕ್ಕೆ ತಳ್ಳಿದರು.

ಇಲ್ಲಿ ನಮ್ಮ ತಾತ ಅಜ್ಜಿ ಯಾರು ಅಂತ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ತಾತ ಸಿಟಿ ಬಸ್ಸಿನ ಡ್ರೈವರ್. ಅಜ್ಜಿ ಅದೇ ಬಸ್ಸಿನ ಕಂಡಕ್ಟರ್. ಮದುವೆಗೆ ಮುಂಚೆ ಅವರಿಬ್ಬರ ನಡುವೆ ಒಂದಿಡೀ ವರ್ಷ ನಡೆದ ಮಾತುಕತೆ ಎರಡೇ ಎರಡು: ಹೋಲ್ಡಾನ್, ರೈಟ್. ಅಷ್ಟರಲ್ಲೇ ಹೇಗೋ ಒಪ್ಪಿಗೆಯೂ ಆಗಿಹೋಗಿತ್ತು. ಆಮೇಲೆ ಇಡೀ ನೌಕರಿ ಒಂದೇ ಬಸ್ಸಿನಲ್ಲಿ, ಅವರು ಮುಂದೆ, ಇವರು ಹಿಂದೆ. ರಿಟೈರಾಗಿ ಈ ಬೂದಿ ಬಣ್ಣದ ಹಳೇ ಕಾರು ತಗೊಂಡ ಮೇಲೂ ಅಜ್ಜಿ ಒಂದು ದಿನವೂ ಮುಂದಿನ ಸೀಟಿನಲ್ಲಿ ಕೂತವರಲ್ಲ. ಹಿಂದೆ, ಎಡಗಡೆ ಕಿಟಕಿ. ಉಂಗುರದ ಬೆರಳಲ್ಲಿ ಬಾಗಿಲಿನ ತಗಡಿಗೆ ಒಂದು ಸಲ ಟಕ್ ಅಂದರೆ ನಿಲ್ಲಬೇಕು, ಎರಡು ಸಲ ಅಂದರೆ ಹೊರಡಬೇಕು. ರಿವರ್ಸಿಗೆ "ಬರ್ಲಿ, ಬರ್ಲಿ, ಬರ್ಲಿ..." ತಾತ ಕನ್ನಡಿ ನೋಡುತ್ತಿದ್ದದ್ದು ಮೀಸೆ ಸರಿಮಾಡಿಕೊಳ್ಳಲು ಮಾತ್ರ. ನನ್ನನ್ನು ಅಜ್ಜಿ ಕರೆಯುತ್ತಿದ್ದದ್ದೇ "ಚಿಲ್ಲರೆ" ಅಂತ. ಆಗ ನಾನು ಪ್ರೌಢಶಾಲೆಯ ಕೊನೆಯ ವರ್ಷದಲ್ಲಿದ್ದೆ, ಆದರೂ ಚಿಲ್ಲರೆಯೇ.

ಇಂಥ ಡ್ರೈವರ್ ಕಂಡಕ್ಟರರಿಗೆ ಹುಟ್ಟಿದ ನಮ್ಮಪ್ಪನಿಗೆ ಗಾಡಿ ಅಂದರೆ ಆಗದು. ಚಿಕ್ಕವರಿದ್ದಾಗ ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದೆಯೇ ಕೂರಿಸಿಕೊಂಡು ಹೋಗುತ್ತಿದ್ದರಂತೆ, ದಿನಾ ವಾಂತಿ. ದೊಡ್ಡವರಾಗಿ ಗಡಿಯಾರ ರಿಪೇರಿಗೆ ಕೂತರು. "ನನ್ನ ಮುಂದೆ ಓಡೋದು ಮುಳ್ಳು ಮಾತ್ರ ಓಡ್ಲಿ" ಅನ್ನುತ್ತಿದ್ದರು. ಅಂಗಡಿ ನಮ್ಮ ಮನೆಯ ಮುಂದಿನ ಕೋಣೆಯೇ ಆಗಿದ್ದರಿಂದ ಅಡುಗೆಯೂ ಅವರದೇ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಬಂದು ಒಗ್ಗರಣೆ ಹಾಕಿ ಹೋಗುತ್ತಿದ್ದರು.

ಮೊದಲು ಲರ್ನಿಂಗ್ ಲೈಸೆನ್ಸು. ರಸ್ತೆ ಚಿಹ್ನೆಗಳ ಪರೀಕ್ಷೆಗೆ ಅಮ್ಮನನ್ನು ತಯಾರು ಮಾಡಿದ್ದು ನಾನು. ಅವಳು ಪಾತ್ರೆ ತೊಳೆಯುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು ಒರೆಸುತ್ತಾ ಕೇಳುವುದು.

"ಕೆಂಪು ವೃತ್ತದಲ್ಲಿ ಅಡ್ಡ ಬಿಳಿ ಗೆರೆ?"

"ಒಳಗೆ ಬರಬೇಡಿ."

"ಹಾರನ್ ಮೇಲೆ ಅಡ್ಡಗೆರೆ?"

"ಸುಮ್ನಿರಿ. ನಿಮ್ಮಜ್ಜಿ ಕೋಣೆ ಬಾಗಿಲಿಗೆ ಒಂದು ಅಂಟಿಸ್ಬೇಕು ಅದನ್ನ."

"ನನಗೆ ಕೇಳಿಸ್ತು!" ಅಂತ ಕೋಣೆಯೊಳಗಿಂದ ಅಜ್ಜಿ.

ಅದರಲ್ಲಿ ಅಮ್ಮ ಪಾಸಾದಳು. ಕಾರಿನ ಹಿಂದೆ ಮುಂದೆ ಎಲ್ ಬೋರ್ಡ್ ಬಂತು. ದಿನಾ ಮಧ್ಯಾಹ್ನದ ಮೇಲೆ, ಅವಳ ಪಾಳಿ ಮುಗಿದ ನಂತರ, ಮುಚ್ಚಿಹೋದ ಬಟ್ಟೆ ಗಿರಣಿಯ ಅಂಗಳದಲ್ಲಿ ಪಾಠ. ಮುಂದೆ ತಾತ ಮತ್ತು ಅಮ್ಮ, ಹಿಂದೆ ಅಜ್ಜಿ ಮತ್ತು ನಾನು. ಈಗಲೂ ಎಲ್ಲಾದರೂ ಬಿಸಿಲಿಗೆ ಕಾದ ಹಳೇ ಕಾರಿನ ಸೀಟಿನ ವಾಸನೆ ಬಂದರೆ ನನಗೆ ಆ ಅಂಗಳ ಕಣ್ಣಿಗೆ ಕಟ್ಟುತ್ತದೆ. ಬಿರುಕುಬಿಟ್ಟ ಸಿಮೆಂಟು, ಅದರಲ್ಲಿ ಎದ್ದ ಹುಲ್ಲು, ಅಮ್ಮನ ಕತ್ತಿನ ಮೇಲೆ ಬೆವರು, ತಾತನ ಗಂಟಲು.

"ಕ್ಲಚ್ಚು ಹಾಗೆ ಒದೀಬಾರ್ದಮ್ಮ. ನಿದ್ದೆ ಹೋದ ಮಗೂನ ಹೆಗಲಿಂದ ಹಾಸಿಗೆಗೆ ಇಳಿಸ್ತೀವಲ್ಲ, ಹಾಗೆ ಬಿಡ್ಬೇಕು."

ಕಾರು ಎರಡು ಸಲ ಜಿಗಿದು ಆಫ್ ಆಯಿತು.

"ಮಗು ಎದ್ಬಿಡ್ತು," ಅಂದರು ಅಜ್ಜಿ.

"ಈ ಅಂಗಳವೇ ಏರುಪೇರು ಮಾವ," ಅಂದಳು ಅಮ್ಮ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ."

"ಅತ್ತೆ, ನೀವು ಸ್ವಲ್ಪ ಹೊತ್ತು ಸುಮ್ನಿರ್ತೀರಾ?"

"ನಾನು ಸುಮ್ನಿದ್ರೆ ಈ ಗಾಡಿ ಹೊರಡೋದೇ ಇಲ್ಲ." ಟಕ್ ಟಕ್. "ರೈಟ್!"

ಅಚ್ಚರಿಯೆಂದರೆ, ಆ ರೈಟ್ ಕೇಳಿದ ಕೂಡಲೇ ಅಮ್ಮನ ಕಾಲು ಸರಿಯಾಗಿ ಕೆಲಸ ಮಾಡುತ್ತಿತ್ತು. ಕಾರು ಬೆಣ್ಣೆಯ ಹಾಗೆ ಹೊರಡುತ್ತಿತ್ತು. ತಾತನೂ ಖುಷಿ, ಅಜ್ಜಿಯೂ ಖುಷಿ. ಎರಡನೇ ವಾರಕ್ಕೆ ಅಮ್ಮ ಮೂರನೇ ಗೇರಿಗೆ ಬಂದಳು, ಮೂರನೇ ವಾರಕ್ಕೆ ಬೀದಿಗೆ ಬಂದಳು. ಬೀದಿಯಲ್ಲಿ ಬಸ್ ಸ್ಟಾಪ್ ಕಂಡಲ್ಲೆಲ್ಲ ಅಜ್ಜಿಯ ಬೆರಳು ತಂತಾನೇ ಟಕ್ ಅನ್ನುತ್ತಿತ್ತು, ಅಮ್ಮ ನಿಲ್ಲಿಸುತ್ತಿದ್ದಳು. ಒಂದು ದಿನ ಹಾಗೆ ನಿಲ್ಲಿಸಿದಾಗ ಚೀಲ ಹಿಡಿದ ಮುದುಕರೊಬ್ಬರು ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದು ಪಕ್ಕ ಕೂತೇಬಿಟ್ಟರು.

"ಮಾರ್ಕೆಟ್ಟಿಗೆ ಹೋಗತ್ತೇನಮ್ಮಾ?"

ಅಜ್ಜಿ ಒಂದು ಕ್ಷಣವೂ ಯೋಚಿಸಲಿಲ್ಲ. "ಹೋಗತ್ತೆ. ಚಿಲ್ಲರೆ, ಒಳಗೆ ಸರಿ. ರೈಟ್!"

ನಾವು ಅವರನ್ನು ಮಾರ್ಕೆಟ್ಟಿಗೆ ಬಿಟ್ಟೇ ಬಂದೆವು. ತಾತ ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನೂ ನಕ್ಕಳು. ಹಿಂದೆ ಏನಿದೆ ಅಂತ ಅವಳು ಒಂದು ಸಲವೂ ತಿರುಗಿ ನೋಡಿರಲಿಲ್ಲ ಅನ್ನುವುದು ಆಗ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಮೊದಲ ಪರೀಕ್ಷೆಯ ದಿನ ನಾವೆಲ್ಲ ಹೋದೆವು, ಅಪ್ಪನೊಬ್ಬರನ್ನು ಬಿಟ್ಟು. ಅವರು ಬೆಳಿಗ್ಗೆಯೇ ಬೇಯಿಸಿದ ಮೊಟ್ಟೆ ಬ್ರೆಡ್ಡು ಕಟ್ಟಿಕೊಟ್ಟು, "ಆಗ್ಲಿಲ್ಲ ಅಂದ್ರೂ ಪರವಾಗಿಲ್ಲ ಕಣೇ" ಅಂದಿದ್ದರು. ಅಮ್ಮ "ನೀವು ಬಾಯಿ ತೆರೆದ್ರೆ ಅಪಶಕುನವೇ ಬರತ್ತೆ" ಅಂತ ಸಿಡುಕಿ ಹೊರಟಿದ್ದಳು.

ಪರೀಕ್ಷೆಯ ಮೈದಾನಕ್ಕೆ ತಂತಿ ಬೇಲಿ. ಬೇಲಿಯಾಚೆ ಬೆಂಚು, ಅದರ ಮೇಲೆ ಪರೀಕ್ಷೆಗೆ ಬಂದವರ ಮನೆಯವರು. ಬ್ರೇಕ್ ಇನ್ಸ್‌ಪೆಕ್ಟರ್ ತೆಳ್ಳಗಿನ ಮನುಷ್ಯ, ಕುತ್ತಿಗೆಗೆ ಪೆನ್ನು ನೇತುಹಾಕಿಕೊಂಡಿದ್ದರು. ಅಮ್ಮನ ಪಕ್ಕ ಕೂತು ಮೊದಲು ಬೀದಿ ಸುತ್ತಿಸಿ ತಂದರು. ಅಲ್ಲಿ ಏನಾಯಿತು ಅಂತ ಅಮ್ಮ ಆಮೇಲೆ ಹೇಳಿದ್ದು. ಒಂದು ಕಡೆ ಎಡಕ್ಕೆ ನಿಲ್ಲಿಸಲು ಹೇಳಿದರಂತೆ, ನಿಲ್ಲಿಸಿದಳಂತೆ. "ಸರಿ, ಈಗ ನೋಡ್ಕೊಂಡು ಹೊರಡಿ" ಅಂದರಂತೆ. ಅಮ್ಮ ಹೊರಡಲಿಲ್ಲ. ಇಂಜಿನ್ ಓಡುತ್ತಿದೆ, ಗೇರು ಬಿದ್ದಿದೆ, ಕಾಲು ಕ್ಲಚ್ಚಿನ ಮೇಲಿದೆ, ಅವಳು ಕಾಯುತ್ತಿದ್ದಾಳೆ.

"ಏನಮ್ಮಾ, ಗಾಡಿ ಕೆಟ್ಟಿದ್ಯಾ?"

"ಇಲ್ಲ ಸಾರ್. ಹಿಂದಿಂದ ಇನ್ನೂ ಹೇಳಿಲ್ಲ..."

"ಯಾರು?"

ಅಮ್ಮನಿಗೆ ಆಗಲೇ ಎಚ್ಚರವಾದದ್ದು. ಹಿಂದೆ ಯಾರೂ ಇರಲಿಲ್ಲ.

ಹೇಗೋ ಸಾವರಿಸಿಕೊಂಡು ಮೈದಾನಕ್ಕೆ ಬಂದಳು. ಕೊನೆಯದು ರಿವರ್ಸ್. ಕೆಂಪು ಬಿಳಿ ಬಣ್ಣದ ಗೂಟಗಳ ನಡುವೆ ಹಿಂದಕ್ಕೆ ತಂದು ನಿಲ್ಲಿಸಬೇಕು. ಕಾರು ಹಿಂದೆ ಬಂತು, ಇನ್ನೂ ಬಂತು, ಸೊಟ್ಟಗೆ ಬಂತು. ನನ್ನ ಪಕ್ಕದಲ್ಲಿ ಅಜ್ಜಿ ಬೆಂಚಿನಿಂದ ಎದ್ದರು. ಬೇಲಿಯ ತಂತಿ ಹಿಡಿದರು. ಗೂಟಕ್ಕೆ ಇನ್ನೊಂದು ಗೇಣು ಇದೆ ಅನ್ನುವಾಗ, ತುಂಬಿದ ಬಸ್ಸಿನ ಕೊನೆಯ ಸೀಟಿನಿಂದ ಮುಂದಿನ ಗಾಜಿನವರೆಗೆ ಮುಟ್ಟುತ್ತಿದ್ದ ಅದೇ ಗಂಟಲಲ್ಲಿ ಕೂಗಿದರು:

"ಹೋಲ್ಡಾ...ನ್!"

ಅಮ್ಮನ ಕಾರು ನಿಂತಿತು. ಪಕ್ಕದಲ್ಲಿ ಎಂಟರ ಆಕಾರದಲ್ಲಿ ಸುತ್ತುತ್ತಿದ್ದ ಹುಡುಗನ ಕಾರೂ ನಿಂತಿತು. ಬೇಲಿಯಾಚೆ ರಸ್ತೆಯಲ್ಲಿ ಹೋಗುತ್ತಿದ್ದ ಹಾಲಿನ ವ್ಯಾನೂ ನಿಂತಿತು.

ಇನ್ಸ್‌ಪೆಕ್ಟರ್ ಇಳಿದು ಬಂದರು. ಗೂಟ ನೋಡಿದರು, ಬೇಲಿ ನೋಡಿದರು, ಅಜ್ಜಿಯನ್ನು ನೋಡಿದರು. "ಗಾಡಿ ಓಡಿಸ್ತಿರೋರು ನೀವೋ ಅವರೋ?" ಅಂದರು. ಅಷ್ಟೇ. ಫೇಲು.

ವಾಪಸ್ ಬರುವಾಗ ಅಮ್ಮ ಓಡಿಸಲೇ ಇಲ್ಲ. ಪರಿಚಯದ ಡ್ರೈವಿಂಗ್ ಸ್ಕೂಲಿನವರೊಬ್ಬರು ತಂದುಬಿಟ್ಟರು. ಮೊಟ್ಟೆ ಬ್ರೆಡ್ಡು ಹಾಗೇ ಉಳಿಯಿತು. ಮನೆಗೆ ಬಂದು ಚೀಲ ಇಟ್ಟ ಮೇಲೆ ಶುರುವಾಯಿತು.

"ನೀವು ಕೂಗದೇ ಇದ್ದಿದ್ರೆ ಆಗ್ತಿತ್ತು ಅತ್ತೆ."

"ಕೂಗದೇ ಇದ್ದಿದ್ರೆ ಗೂಟ ಮುರೀತಿತ್ತು."

"ಮುರಿದ್ರೆ ಮುರೀತಿತ್ತು! ನನ್ನ ಗೂಟ, ನನ್ನ ಪರೀಕ್ಷೆ!"

"ಒಳ್ಳೇದಕ್ಕೆ ಕಾಲವಿಲ್ಲ ಬಿಡು. ಇಷ್ಟು ದಿನ ನಿನ್ನ ಹಿಂದೆ ಕೂತು ಕಣ್ಣಾಗಿ ಕಾದೆ..."

"ಅದೇ ತಪ್ಪಾಗಿದ್ದು! ಹೊಸ ಕಟ್ಟಡಕ್ಕೆ ದಿನಾ ಮುಂಜಾನೆ ನಿಮ್ಮನ್ನೂ ಎಬ್ಬಿಸ್ಕೊಂಡು ಹೋಗ್ಲಾ ನಾನು? ಸೂಪರ್‌ವೈಸರ್ ಹತ್ರ ಏನ್ ಹೇಳ್ಲಿ, ನನ್ನ ಜೊತೆ ನಮ್ಮತ್ತೇನೂ ಡ್ಯೂಟಿಗೆ ಬರ್ತಾರೆ ಅನ್ಲಾ?"

ತಾತ ಮಧ್ಯೆ ಬಾಯಿ ಹಾಕಿದರು. "ಇಬ್ಬರೂ ಸ್ವಲ್ಪ..."

"ನೀವು ಸುಮ್ನಿರಿ!" ಎರಡು ಕಡೆಯಿಂದಲೂ ಒಟ್ಟಿಗೆ ಬಂತು.

"ನಾಳೆಯಿಂದ ನೀವು ಕಾರಿಗೆ ಹತ್ತೋದು ಬೇಡ ಅತ್ತೆ," ಅಂದಳು ಅಮ್ಮ, ಈ ಸಲ ಮೆಲ್ಲಗೆ.  ಅಜ್ಜಿ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಆ ವಾರ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಅಜ್ಜಿ ಊಟಕ್ಕೆ ಎಲ್ಲರಿಗಿಂತ ಮೊದಲು ಅಥವಾ ಎಲ್ಲರೂ ಎದ್ದ ಮೇಲೆ ಬರುತ್ತಿದ್ದರು. ಅಮ್ಮನಿಗೆ ಹೇಳಬೇಕಾದ್ದನ್ನು ನನ್ನ ಮೂಲಕ ಹೇಳುತ್ತಿದ್ದರು. "ಚಿಲ್ಲರೆ, ಉಪ್ಪು ಜಾಸ್ತಿ ಆಗಿದೆ ಅಂತ ಹೇಳು." ಉಪ್ಪು ಹಾಕಿದ್ದು ಅಪ್ಪ, ಆದರೂ ಅಮ್ಮನಿಗೇ ಹೇಳಬೇಕು. ಎಲ್ಲಕ್ಕಿಂತ ಕೆಟ್ಟದ್ದು ಭಾನುವಾರದ ಚಾದರ. ಮನೆಯ ಚಾದರಗಳನ್ನು ಅವರಿಬ್ಬರೇ ಮಡಚುತ್ತಿದ್ದದ್ದು. ಇಬ್ಬರೂ ಎರಡೆರಡು ಮೂಲೆ ಹಿಡಿದು ಝಾಡಿಸುವುದು, ಒಬ್ಬರ ಕಡೆಗೊಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸುವುದು, ಮತ್ತೆ ಹಿಂದೆ ಸರಿಯುವುದು. ಅದೊಂದು ಕುಣಿತದ ಹಾಗೆ ಇರುತ್ತಿತ್ತು, ಊರಿನ ಸುದ್ದಿಯೆಲ್ಲ ಆಗಲೇ ಬರುತ್ತಿತ್ತು. ಆ ಭಾನುವಾರ ಅಮ್ಮ ಒಬ್ಬಳೇ ಚಾದರವನ್ನು ಗಲ್ಲದ ಕೆಳಗೆ ಸಿಕ್ಕಿಸಿಕೊಂಡು ಮಡಚುತ್ತಿದ್ದಳು. ದಿನಕ್ಕೆ ನೂರಾರು ಮಡಚುವವಳು, ಒಂದೂ ನೆಟ್ಟಗೆ ಬರಲಿಲ್ಲ. ನಾನು ಹಿಡಿಯಲು ಹೋದರೆ, "ಬೇಡ, ಓದ್ಕೋ ಹೋಗು" ಅಂದಳು.

ಎರಡನೇ ಪರೀಕ್ಷೆಗೆ ತಾರೀಕು ಸಿಕ್ಕಿತು, ಲಾಂಡ್ರಿ ಹೊಸ ಜಾಗಕ್ಕೆ ಹೋಗುವುದಕ್ಕೆ ಸರಿಯಾಗಿ ಒಂದು ವಾರ ಮುಂಚೆ. ಅದು ತಪ್ಪಿದರೆ ಮತ್ತೊಂದಿಲ್ಲ.  ಒಂದು ಸಂಜೆ ಅಪ್ಪ ಗಡಿಯಾರದ ಸ್ಕ್ರೂಡ್ರೈವರು ಹಿಡಿದು ಕಾರಿನೊಳಗೆ ಕೂತಿದ್ದರು. ನಾನು ಬಗ್ಗಿ ನೋಡಿದೆ.

"ಏನ್ ಮಾಡ್ತಿದೀರಪ್ಪಾ?"

"ಈ ಕನ್ನಡಿ ಎಷ್ಟು ವರ್ಷದಿಂದ ಸಡಿಲ ಇತ್ತೋ. ನೆಲ ಬಿಟ್ಟು ಇನ್ನೇನೂ ಕಾಣ್ತಿರ್ಲಿಲ್ಲ." ಮುಖ ಬೆಳ್ಳಗಾಗಿತ್ತು. "ಬೇಗ ಬಾಗಿಲು ತೆಗಿ, ಹೊಟ್ಟೆ ತೊಳೆಸ್ತಿದೆ."

"ಗಾಡಿ ನಿಂತಿದೆ ಅಪ್ಪಾ!"

"ನನ್ನ ಹೊಟ್ಟೆಗೆ ಅದು ಗೊತ್ತಿಲ್ಲ."

ಕನ್ನಡಿ ಸರಿಯಾಯಿತು. ಆದರೆ ಕನ್ನಡಿಯಲ್ಲಿ ಕಂಡದ್ದನ್ನು ಏನು ಮಾಡಬೇಕು ಅಂತ ಹೇಳಿಕೊಡುವವರು ಬೇಕಲ್ಲ. ತಾತ ಮತ್ತು ಅಮ್ಮ ಮುಂದೆ ಕೂತು ಗಿರಣಿಯ ಅಂಗಳಕ್ಕೆ ಹೋಗತೊಡಗಿದರು, ನಾನು ಹಿಂದೆ ಒಬ್ಬಳೇ. ಮುಂದಕ್ಕೆ ಎಲ್ಲ ಸರಿ. ರಿವರ್ಸ್ ಗೇರು ಹಾಕಿದರೆ ಇಬ್ಬರೂ ಕುರುಡರು.

"ಈಗ ಯಾವ ಕಡೆ ತಿರುಗಿಸ್ಲಿ ಮಾವ?"

"ಎಡಕ್ಕೆ... ಅಲ್ಲಲ್ಲ... ಇರು, ನಾನೇ ಒಂದ್ಸಲ ತೋರಿಸ್ತೀನಿ. ಅಂಗಳದಲ್ಲಿ ತಾನೇ, ಯಾರಿದಾರೆ."

ತಾತ ಸ್ಟಿಯರಿಂಗ್ ಹಿಡಿದು ಕೂತರು. ಹಿಂದಕ್ಕೆ ತೆಗೆದರು. ಗಿರಣಿಯ ಗೋಡೆಗೆ ಒರಗಿಸಿಟ್ಟಿದ್ದ ತಗಡಿನ ನೀರಿನ ಪೀಪಾಯಿ ಒಂದು ಸದ್ದು ಮಾಡಿತು, ಎಷ್ಟು ದೊಡ್ಡ ಸದ್ದು ಅಂದರೆ ಛಾವಣಿಯ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು.

ತಾತ ಇಂಜಿನ್ ಆಫ್ ಮಾಡಿದರು.

"ಕಣ್ಣಿಂದು ತಪ್ಪಲ್ಲ ಕಣಮ್ಮ ಇದು," ಅಂದರು. "ಕಣ್ಣು ಚೆನ್ನಾಗಿದ್ದಾಗ್ಲೂ ನಾನು ಹಿಂದೆ ನೋಡಿದವನಲ್ಲ. ಅವಳಿದ್ಲು, ನೋಡ್ತಿದ್ಲು. ಜನ ನನಗೆ ಒಳ್ಳೇ ಡ್ರೈವರ್ ಅಂತಿದ್ರು. ಅರ್ಧ ಗಾಡಿ ಅವಳೇ ಓಡಿಸ್ತಿದ್ಲು."

ತಾತ ತೀರಿಹೋಗಿ ಈಗ ವರ್ಷಗಳಾದವು. ಅವರು ಹೇಳಿದ ತಮಾಷೆಗಳು ಎಷ್ಟೋ ನೆನಪಿವೆ. ಆದರೆ ಅವರ ಧ್ವನಿ ನನ್ನ ಕಿವಿಯಲ್ಲಿ ಸರಿಯಾಗಿ ಕೇಳಿಸುವುದು ಈ ಒಂದು ಮಾತಿನಲ್ಲಿ ಮಾತ್ರ.

ಅಮ್ಮ ಮನೆಗೆ ಬಂದವಳೇ ಕೈಯನ್ನೂ ತೊಳೆಯದೆ ಹಿತ್ತಲಿಗೆ ಹೋದಳು. ಅಜ್ಜಿ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಅಮ್ಮ ಪಕ್ಕದಲ್ಲಿ ಕೂತು ಒಂದು ಹಿಡಿ ಬಟಾಣಿ ಎತ್ತಿಕೊಂಡಳು.

"ಪೀಪಾಯಿಗೆ ಗುದ್ದಿದ್ರು ಮಾವ."

"ಗುದ್ದದೇ ಇನ್ನೇನು." ಅಜ್ಜಿಯ ಬಾಯಂಚಿನಲ್ಲಿ ಸಣ್ಣ ನಗು ಬಂದು ಹೋಯಿತು. "ಜೋರಾಗಾ?"

"ಪಾರಿವಾಳ ಎಲ್ಲ ಊರು ಬಿಟ್ಟು ಹೋದ್ವು."

ಇಬ್ಬರೂ ನಗಲಿಲ್ಲ, ಆದರೆ ನಗದೇ ಇರಲು ಇಬ್ಬರಿಗೂ ಕಷ್ಟವಾಯಿತು.

"ಅತ್ತೆ, ಹಿಂದೆ ಏನ್ ನೋಡ್ಬೇಕು ಅಂತ ನನಗೆ ಹೇಳಿಕೊಡಿ."

"ಕಾರಿಗೆ ಹತ್ತಬೇಡಿ ಅಂದಿದ್ದೆ ನೀನು."

"ಅಂದಿದ್ದೆ."

"ಹತ್ತಲ್ಲ ಬಿಡು. ಹೇಳಿಕೊಡೋಕೆ ನಾನ್ಯಾಕೆ ಹತ್ತಬೇಕು. ಇಳೀಬೇಕಾಗಿರೋದು ನೀನು."

ಮಾರನೇ ದಿನ ಅಂಗಳದಲ್ಲಿ ಅಜ್ಜಿ ಮಾಡಿದ್ದು ಇದು. ತಾತನನ್ನು ಸ್ಟಿಯರಿಂಗಿಗೆ ಕೂರಿಸಿದರು. ಅಮ್ಮನನ್ನು ಕಾರಿನ ಹಿಂದೆ ನಿಲ್ಲಿಸಿದರು. ಎರಡು ಕಲ್ಲು ಇಟ್ಟರು. "ಈ ಎರಡರ ಮಧ್ಯ ಡ್ರೈವರನ್ನ ಕರ್ಕೊಂಡು ಬಾ. ಇವತ್ತು ನೀನು ಕಂಡಕ್ಟರು."

"ನಾನು ಓಡ್ಸೋದು ಕಲೀಬೇಕು ಅತ್ತೆ, ಕೂಗೋದಲ್ಲ!"

"ಮೊದಲು ಕೂಗು."

ಅಮ್ಮ ಅಳುಕುತ್ತಾ, "ಬನ್ನಿ ಮಾವ, ಬನ್ನಿ" ಅಂದಳು.

"ಏನ್ ಅತಿಥೀನ ಊಟಕ್ಕೆ ಕರೀತಿದೀಯಾ? ಬರ್ಲಿ ಅನ್ನು! ಎಡಗಡೆ ಚಕ್ರ ನೋಡು, ಮುಖ ಎತ್ಲಾಗೆ ತಿರುಗಿದೆ? ಬಾಲ ಎತ್ಲಾಗೆ ಹೋಗ್ತಿದೆ? ಮುಖ ಇತ್ಲಾಗೆ ಅಂದ್ರೆ ಬಾಲ ಅತ್ಲಾಗೆ. ಕಾಯಬೇಡ, ಕಲ್ಲು ಹತ್ರ ಬಂದ್ಮೇಲೆ ಹೇಳಿದ್ರೆ ಡ್ರೈವರ್ ಏನ್ ಮಾಡ್ತಾರೆ ಪಾಪ, ಅವರ ಕೈಗೆ ಸ್ವಲ್ಪ ಹೊತ್ತು ಕೊಡು."

ಮೂರು ದಿನ ಅಮ್ಮ ಸ್ಟಿಯರಿಂಗ್ ಮುಟ್ಟಲಿಲ್ಲ. ತಾತನನ್ನು ಹಿಂದಕ್ಕೆ ಕರೆದಳು, ಕರೆದಳು, ಕರೆದಳು. ಕಲ್ಲು ಉರುಳಿದರೆ ತಪ್ಪು ಯಾರದು ಅಂತ ಮೂವರೂ ಜಗಳವಾಡುತ್ತಿದ್ದರು. ನಾಲ್ಕನೇ ದಿನ ಅಜ್ಜಿ ಅವಳನ್ನು ಒಳಗೆ ಕೂರಿಸಿದರು. "ಈಗ ನೀನು ನಿಂತಿದ್ದ ಜಾಗದಲ್ಲಿ ನಿನ್ನನ್ನೇ ನಿಲ್ಲಿಸ್ಕೋ. ಕನ್ನಡಿಯಲ್ಲಿ ಅವಳನ್ನ ನೋಡು, ಅವಳೇನ್ ಹೇಳ್ತಾಳೆ ಕೇಳು." ಹೇಳಿ ತಾವು ದೂರ ಹೋಗಿ ಗಿರಣಿಯ ಕಟ್ಟೆಯ ಮೇಲೆ ಕೂತರು. ಕಾರು ಮೆಲ್ಲಗೆ, ಒಳಗಿನಿಂದ ಏನೋ ಗೊಣಗುವ ಅಮ್ಮನನ್ನು ಹೊತ್ತುಕೊಂಡು, ಎರಡು ಕಲ್ಲುಗಳ ನಡುವೆ ಹಿಂದೆ ಬಂದು ನಿಂತಿತು. ತಾತ ಚಪ್ಪಾಳೆ ತಟ್ಟಿದರು. ಅಜ್ಜಿ ತಟ್ಟಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡು, "ಬಿಸಿಲು ಜಾಸ್ತಿ ಆಯ್ತು, ಮನೆಗೆ ನಡೀರಿ" ಅಂದರು. ಆ ಭಾನುವಾರ ಚಾದರಗಳೆಲ್ಲ ನೆಟ್ಟಗೆ ಮಡಚಿಕೊಂಡವು.

ಪರೀಕ್ಷೆಗೆ ಅಜ್ಜಿ ಬರುವುದಿಲ್ಲ ಅಂದರು. ಅಮ್ಮ ಬನ್ನಿ ಅಂದಳು. "ನನ್ನ ಬಾಯಿ ಮೇಲೆ ನನಗೇ ನಂಬಿಕೆ ಇಲ್ಲ" ಅಂದರು. "ನನಗಿದೆ" ಅಂದಳು ಅಮ್ಮ. ಕೊನೆಗೆ ಬಂದರು. ಆದರೆ ಬೇಲಿಯ ಬಳಿಯ ಬೆಂಚಿನಲ್ಲಿ ಮೈದಾನಕ್ಕೆ ಬೆನ್ನು ಹಾಕಿ ಕೂತರು, ಎಲ್ಲರೂ ಆ ಕಡೆ ನೋಡುತ್ತಿದ್ದರೆ ಇವರೊಬ್ಬರು ಈ ಕಡೆ. ಬಾಯಿಗೆ ಅಪ್ಪ ಕಟ್ಟಿಕೊಟ್ಟಿದ್ದ ಬ್ರೆಡ್ಡು ತುರುಕಿಕೊಂಡಿದ್ದರು.

ಅದೇ ತೆಳ್ಳಗಿನ ಇನ್ಸ್‌ಪೆಕ್ಟರ್. ಕಾರು ಹತ್ತುವ ಮುಂಚೆ ಬೇಲಿಯ ಕಡೆ ಒಂದು ಸಲ ನೋಡಿ, ಅಜ್ಜಿಯ ಬೆನ್ನು ಗುರುತಿಸಿ, ಮೀಸೆಯಲ್ಲೇ ನಕ್ಕ ಹಾಗಿತ್ತು. ಬೀದಿ ಸುತ್ತಿ ಬಂದರು. ಎಂಟು ಹಾಕಿದಳು. ರಿವರ್ಸಿಗೆ ಬಂದಳು.

"ಈಗ ರಿವರ್ಸ್ ಅಜ್ಜಿ," ಅಂದೆ.

"ಗೊತ್ತು. ಸದ್ದೇ ಹೇಳ್ತಿದೆ." ಬ್ರೆಡ್ಡು ನುಂಗಿದರು. ಕಣ್ಣು ಮುಚ್ಚಿಕೊಂಡರು. ತುಟಿ ಅಲುಗುತ್ತಿತ್ತು, ದನಿ ಹೊರಡಲಿಲ್ಲ. ನನ್ನ ಕೈ ಹಿಡಿದಿದ್ದರು, ಉಂಗುರ ಒತ್ತಿ ನೋಯುತ್ತಿತ್ತು. ಕಾರು ಹಿಂದೆ ಬಂತು. ಸ್ವಲ್ಪ ಸೊಟ್ಟಗಾಯಿತು. ಅಜ್ಜಿಯ ಬೆರಳು ಬಿಗಿಯಾಯಿತು. ಕಾರು ತಾನಾಗಿಯೇ ನಿಂತಿತು. ಅಮ್ಮ ಒಂದು ಕಡೆಯ ಕನ್ನಡಿ ನೋಡಿದಳು, ಇನ್ನೊಂದು ಕಡೆಯದು ನೋಡಿದಳು, ಮೈ ತಿರುಗಿಸಿ ಹಿಂದಿನ ಗಾಜು ನೋಡಿದಳು. ಸ್ಟಿಯರಿಂಗ್ ತಿರುಗಿಸಿ ಒಂದಿಷ್ಟು ಮುಂದೆ ತಂದು ಮತ್ತೆ ಹಿಂದೆ ಬಂದಳು. ಗೂಟಗಳ ನಡುವೆ ನಿಂತಳು. ಒಂದೂ ಗೂಟ ಅಲುಗಲಿಲ್ಲ.

"ಏನಾಯ್ತು? ಚಿಲ್ಲರೆ, ಬಾಯಿ ಬಿಡೇ, ಏನಾಯ್ತು?"

ಉತ್ತರ ಹೇಳಿದ್ದು ತಾತ. ಬೇಲಿಯ ಕಂಬಕ್ಕೆ ಎರಡು ಸಲ ಟಕ್ ಟಕ್ ಅಂತ ಬಡಿದರು.

ಇದಾದ ವಾರಕ್ಕೆ ಹೊಸ ಕಟ್ಟಡದಲ್ಲಿ ಪಾಳಿ. ಬೆಳಕು ಹರಿಯುವ ಮುಂಚೆ ಅಮ್ಮ ಒಬ್ಬಳೇ ಕಾರು ತೆಗೆದುಕೊಂಡು ಹೋದಳು. ನಾವು ನಾಲ್ಕು ಜನ ಗೇಟಿನ ಹತ್ತಿರ ಸಾಲಾಗಿ ನಿಂತಿದ್ದೆವು, ಅಪ್ಪನ ಕೈಯಲ್ಲಿ ಚಹಾದ ಸೋಸುವ ಜಾಲರಿ ಹಾಗೇ ಇತ್ತು. ಅವಳು ಮೂಲೆಯಲ್ಲಿ ತಿರುಗಿ ಮರೆಯಾದ ಮೇಲೆ ಯಾರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ತಾತ ಖಾಲಿ ಅಂಗಳ ಗುಡಿಸಿದರು.

ಮಧ್ಯಾಹ್ನಕ್ಕೆ ಬರಬೇಕಾದವಳು ಬರಲಿಲ್ಲ. ಊಟ ಆರಿತು. ಅಪ್ಪ ಬೀದಿಗೂ ಅಂಗಡಿಗೂ ಓಡಾಡಿದರು, ಒಂದು ಗಡಿಯಾರದ ಮುಳ್ಳು ಎರಡು ಸಲ ಬೀಳಿಸಿದರು. "ಫೋನೂ ತೆಗೀತಿಲ್ಲ" ಅಂದರು. "ಓಡಿಸುವಾಗ ತೆಗೀಬಾರ್ದು" ಅಂದರು ತಾತ, ಆದರೆ ಅವರೂ ಗೇಟಿನ ಹತ್ತಿರವೇ ಕೂತಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಕಾರು ಬಂತು. ಅಮ್ಮ ಇಳಿದಳು. ಕೂದಲು ಕೆದರಿತ್ತು, ಚಪ್ಪಲಿಗೆ ಕೆಸರು ಮೆತ್ತಿತ್ತು.

"ಎಲ್ಲಿಗೆ ಹೋಗಿದ್ದೆ?" ಅಪ್ಪ ಕಿರುಚಿದರು.

"ಎಲ್ಲಿಗೂ ಇಲ್ಲ."

"ಇಷ್ಟು ಹೊತ್ತು ಎಲ್ಲಿಗೂ ಇಲ್ವಾ?"

"ಪಾಳಿ ಮುಗೀತು. ಮನೆ ಕಡೆ ತಿರುಗೋ ಜಾಗ ಬಂತು, ತಿರುಗಲಿಲ್ಲ. ನೇರ ಹೋದೆ." ಅಮ್ಮ ಮೆಟ್ಟಿಲ ಮೇಲೆ ಅಲ್ಲ, ನೆಲದ ಮೇಲೇ ಕೂತುಬಿಟ್ಟಳು. "ಒಂದು ಸೇತುವೆ ಬಂತು, ದಾಟಿದೆ. ಸೀಬೆಹಣ್ಣಿನ ಗಾಡಿ ಇತ್ತು, ನಿಲ್ಲಿಸಿ ಒಂದು ತಿಂದೆ. ಮತ್ತೆ ಹೋದೆ. ಆಮೇಲೆ ರಸ್ತೆ ಮುಗಿದಿತ್ತು."

"ಮುಗಿದಿತ್ತು ಅಂದ್ರೆ?"

"ಮುಂದೆ ನೀರು. ಎಷ್ಟು ಅಗಲ ಇತ್ತು ರೀ ಆ ನದಿ! ಇಷ್ಟು ವರ್ಷ ಇದೇ ಊರಲ್ಲಿದೀನಿ, ನನಗೆ ಗೊತ್ತೇ ಇರಲಿಲ್ಲ."

ಅಜ್ಜಿ ಕೇಳಿದರು. "ಅಲ್ಲಿ ತಿರುಗಿಸೋಕೆ ಜಾಗ ಇತ್ತಾ?"

"ಇರಲಿಲ್ಲ ಅತ್ತೆ. ಸೀಬೆಹಣ್ಣಿನ ಗಾಡಿವರೆಗೂ ರಿವರ್ಸೇ ಬಂದೆ."

ಅಜ್ಜಿ ಎದ್ದು ಒಳಗೆ ಹೋದರು. ಕೋಪ ಬಂತು ಅಂದುಕೊಂಡೆ. ತಟ್ಟೆಯಲ್ಲಿ ಅನ್ನ ಬಟಾಣಿ ಹಾಕಿಕೊಂಡು ಬಂದು ಅಮ್ಮನ ಮುಂದೆ ಇಟ್ಟು, ಅವಳು ನಾಲ್ಕು ತುತ್ತು ತಿನ್ನುವವರೆಗೂ ಎದುರಿಗೆ ಕೂತಿದ್ದರು.

"ನಾಳೆಯೂ ಹೋಗ್ತೀಯಾ ಆ ರಸ್ತೆಗೆ?"

"ಯಾಕೆ ಅತ್ತೆ? ಬೇಡ ಅಂತೀರಾ?"

"ಅಲ್ಲ. ಅಷ್ಟು ವರ್ಷ ಗಾಡಿಯಲ್ಲೇ ಇದ್ದೆ ನಾನು. ರೂಟು ಬಿಟ್ಟು ಒಂದು ದಿನ ಆಚೆ ಈಚೆ ಹೋದವಳಲ್ಲ." ಅಜ್ಜಿ ನೆಲದ ಮೇಲೆ ಬಿದ್ದಿದ್ದ ಒಂದು ಬಟಾಣಿ ಹೆಕ್ಕಿಕೊಂಡರು. "ಆ ನೀರು ಎಷ್ಟು ಅಗಲ ಇದೆ ಅಂತ ನೋಡ್ಬೇಕು ಅನ್ನಿಸ್ತು."

ಅಮ್ಮ ತುತ್ತು ನಿಲ್ಲಿಸಿದಳು.

"ಪಾಳಿ ಮುಗಿಸಿ ಬಂದು ಕರ್ಕೊಂಡು ಹೋಗ್ತೀನಿ. ಆದ್ರೆ ಮುಂದಿನ ಸೀಟಲ್ಲಿ ಕೂರಬೇಕು."

"ಮುಂದೆ ಕೂತು ನಾನೇನೇ ಮಾಡ್ಲಿ?"

"ಏನೂ ಮಾಡ್ಬೇಡಿ ಅತ್ತೆ," ಅಂದಳು ಅಮ್ಮ. "ಕಿಟಕಿ ಇಳಿಸ್ಕೊಂಡು ಸುಮ್ನೆ ಕೂತಿರಿ."